ಸ್ಟೆಂಟ್ ತೆಗೆಸುವ ದಿನಾಂಕವನ್ನು ಕನ್ನಡದಲ್ಲಿ ಬರೆದುಕೊಡಿ

ನಮಸ್ಕಾರ, ಹಾಸನದಿಂದ ಮಾತನಾಡುತ್ತಿದ್ದೇನೆ. ಕಿಡ್ನಿ ಕಲ್ಲಿನ ಕುರಿತ ನಮ್ಮ ಹಿಂದಿನ ಸಂಚಿಕೆಯನ್ನು ನೋಡಿದ ವೀಕ್ಷಕರೊಬ್ಬರು, "ಯಾವ ಪೈಪ್ ಹಾಕಬೇಕು ಅನ್ನೋದು ಡಾಕ್ಟರಿಗೆ ಗೊತ್ತಿರುತ್ತೆ, ಪೇಷೆಂಟಿಗೆ ಅದೆಲ್ಲ ಯಾಕೆ?" ಎಂದು ಬರೆದಿದ್ದಾರೆ. ಆಪರೇಷನ್ ಆದ ಮೇಲೆ ಮೂತ್ರ ಇಳಿಯಲು ಯಾವ ಪೈಪ್ ಎಂಬುದನ್ನು ವೈದ್ಯರೇ ನಿರ್ಧರಿಸಲಿ, ನನ್ನ ತಕರಾರಿಲ್ಲ. ಆದರೆ ತನ್ನ ದೇಹದೊಳಗೆ ಏನು ಉಳಿದಿದೆ, ಅದನ್ನು ಯಾವ ದಿನ ತೆಗೆಸಬೇಕು ಎಂಬುದು ರೋಗಿಯ ಕೈಗೆ ಕನ್ನಡದಲ್ಲಿ ಬರೆದು ಸಿಗಲೇಬೇಕು.

ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ ಕಲ್ಲನ್ನು ಪುಡಿಮಾಡಿ ತೆಗೆಯುವ ಪಿಸಿಎನ್‌ಎಲ್ ಎಂಬ ಆಪರೇಷನ್ ಆದ ಮೇಲೆ ಮೂತ್ರ ಸರಾಗವಾಗಿ ಇಳಿಯಲು ದಾರಿ ಬೇಕು. ರಕ್ತಸ್ರಾವ ಹೆಚ್ಚಿದ್ದರೆ, ಸೋಂಕಿದ್ದರೆ ಅಥವಾ ಕಲ್ಲಿನ ಚೂರು ಉಳಿದಿದ್ದರೆ ಬೆನ್ನಿನಿಂದಲೇ ಹೊರಗಿನ ಚೀಲಕ್ಕೆ ನೆಫ್ರಾಸ್ಟಮಿ ಪೈಪ್ ಇಡುತ್ತಾರೆ. ತೊಡಕಿಲ್ಲದವರಿಗೆ ಆ ಪೈಪ್ ಇಲ್ಲದೆ ಒಳಗೆ ಡಿಜೆ ಸ್ಟೆಂಟ್ ಎಂಬ ತೆಳ್ಳನೆಯ ಕೊಳವೆ ಮಾತ್ರ ಇಡುವುದುಂಟು. ನೋವು ಕಡಿಮೆ, ಮನೆಗೂ ಬೇಗ ಹೋಗಬಹುದು. ಆಯ್ದ ಕೆಲವರಿಗೆ ಎರಡೂ ಇಲ್ಲ.

ಹೊರಗಿನ ಚೀಲ ಕಣ್ಣಿಗೆ ಕಾಣುತ್ತದೆ, ಯಾರೂ ಮರೆಯುವುದಿಲ್ಲ. ಸುಮಾರು 2 ಮಿಲಿಮೀಟರ್ ದಪ್ಪದ, ಎರಡೂ ತುದಿ ಸುರುಳಿಯಾಗಿ ಕಿಡ್ನಿಯಿಂದ ಮೂತ್ರಕೋಶದವರೆಗೆ ಇಳಿದಿರುವ ಸ್ಟೆಂಟ್ ಕಾಣುವುದಿಲ್ಲ. ಪದೇ ಪದೇ ಮೂತ್ರಕ್ಕೆ ಅವಸರ, ಮೂತ್ರ ಮಾಡುವಾಗ ಪಕ್ಕೆಯಲ್ಲಿ ನೋವು, ಓಡಾಡಿದ ದಿನ ಮೂತ್ರ ಕೆಂಪಾಗುವುದು, ಇವೆಲ್ಲ ಸ್ಟೆಂಟಿನಿಂದ ಆಗಬಹುದು ಎಂದು ಯಾರೂ ಹೇಳದಿದ್ದಾಗ ಆಪರೇಷನ್ನೇ ಕೆಟ್ಟಿತೆಂದು ಜನ ಕಂಗಾಲಾಗುತ್ತಾರೆ. ಚಳಿಜ್ವರ ಬಂದರೆ, ಹೆಪ್ಪುಗಟ್ಟಿದ ರಕ್ತ ಹೋದರೆ, ಮೂತ್ರ ನಿಂತರೆ ಮಾತ್ರ ಒಂದು ಕ್ಷಣವೂ ಕಾಯಬಾರದು.

ಸಕಲೇಶಪುರದ ಕಡೆಯ ನಮ್ಮ ಬಂಧುವೊಬ್ಬರ ಡಿಸ್ಚಾರ್ಜ್ ಹಾಳೆಯನ್ನು ನಾನೇ ಓದಿದೆ. ಎರಡು ಪುಟ ಇಂಗ್ಲಿಷ್. ಅದರ ನಡುವೆ "ಡಿಜೆ ಸ್ಟೆಂಟ್ ಇನ್ ಸಿಟು", ಅಂದರೆ ಸ್ಟೆಂಟ್ ಒಳಗೇ ಇದೆ; ಕೊನೆಯಲ್ಲಿ "ರಿವ್ಯೂ ಎಸ್‌ಒಎಸ್", ಅಂದರೆ ಅಗತ್ಯವಿದ್ದರೆ ಬನ್ನಿ. ದಿನಾಂಕವೇ ಇಲ್ಲ! ನೋವು ನಿಂತಿತ್ತು, ಕಾಫಿ ಕೊಯ್ಲು ಶುರುವಾಗಿತ್ತು, ಅವರು ತೋಟಕ್ಕೆ ಹೋದರು. ಕೆಲವೇ ವಾರಗಳಲ್ಲಿ, ಸಾಮಾನ್ಯವಾಗಿ 3 ತಿಂಗಳು ಮೀರದಂತೆ ತೆಗೆಯಬೇಕಾದ ಸ್ಟೆಂಟನ್ನು ಒಳಗೇ ಬಿಟ್ಟರೆ ಅದರ ಮೇಲೆ ಲವಣ ಕಟ್ಟಿ ಹೊಸ ಕಲ್ಲು ಬೆಳೆಯಬಹುದು. ಮೂತ್ರದ ದಾರಿಗೆ ಮರಗಟ್ಟಿಸುವ ಜೆಲ್ಲಿ ಹಾಕಿ ದುರ್ಬೀನಿನಿಂದ ಕೆಲವೇ ನಿಮಿಷಗಳಲ್ಲಿ ಮುಗಿಯುವ ಕೆಲಸಕ್ಕೆ ಆಗ ಮತ್ತೊಂದು ಆಪರೇಷನ್ ಬೇಕಾಗಬಹುದು, ಕಿಡ್ನಿಯೇ ಹಾಳಾಗಬಹುದು.

ವೈದ್ಯರಿಗೆ ಪುರುಸೊತ್ತಿಲ್ಲವಂತೆ. ಔಷಧದ ಅಂಗಡಿಯವರು ನೂಕುನುಗ್ಗಲಿನಲ್ಲೂ ಮಾತ್ರೆಯ ಕವರಿನ ಮೇಲೆ "ಬೆಳಿಗ್ಗೆ 1, ರಾತ್ರಿ 1" ಎಂದು ಬರೆದುಕೊಡುತ್ತಾರೆ. ಆಸ್ಪತ್ರೆಗೆ ಒಂದು ಸಾಲು ಭಾರವೇ? ಫೋನ್ ಮಾಡಿ ಕರೆಯುತ್ತಾರಂತೆ. ಮೂಡಿಗೆರೆಯ ಕಾಫಿ ಎಸ್ಟೇಟಿನ ಕಾರ್ಮಿಕರ ಲೈನ್ ಮನೆಗಳಲ್ಲಿ ನೆಟ್‌ವರ್ಕ್ ಎಲ್ಲಿದೆ? ರೋಗಿಗಳು ಓದುವುದಿಲ್ಲವಂತೆ. ಅವರ ಮಕ್ಕಳು ಓದುತ್ತಾರೆ, ಬರೆದುಕೊಡಿ! ಬರೆಯದಿರುವುದಕ್ಕೆ ಯಾವ ಸಬೂಬನ್ನೂ ನಾನು ಒಪ್ಪುವುದಿಲ್ಲ.

ಈ ಸಂಚಿಕೆಯನ್ನು ನಿಮ್ಮ ಊರಿನ ವಾಟ್ಸಾಪ್ ಗುಂಪಿಗೆ ಕಳುಹಿಸಿ, ಚಾನೆಲ್‌ಗೆ ಚಂದಾದಾರರಾಗಿ. ಮನೆಯಲ್ಲಿ ಯಾರಿಗಾದರೂ ಕಲ್ಲಿನ ಆಪರೇಷನ್ ಆಗಿದ್ದರೆ ಇವತ್ತೇ ಆ ಹಾಳೆ ತೆಗೆದು ನೋಡಿ. ಡಿಜೆ ಸ್ಟೆಂಟ್ ಎಂದಿದ್ದು ತೆಗೆಸಿದ ದಾಖಲೆ ಇಲ್ಲದಿದ್ದರೆ ನಾಳೆ ಬೆಳಿಗ್ಗೆಯೇ ಅದೇ ಆಸ್ಪತ್ರೆಗೆ ಹೋಗಿ, ದಿನಾಂಕ ಬರೆಸಿಕೊಳ್ಳದೆ ಎದ್ದು ಬರಬೇಡಿ.