ಪ್ರಿಂಟರ್ ನೆಪದಲ್ಲಿ ತೆಗೆದಿಟ್ಟ ಉಣುಗೋಲು

ಕೇಳುಗರಿಗೆ ನಮಸ್ಕಾರ.

ಅಡಿಕೆ ಕೊಯ್ಲು ಮುಗಿಯುತ್ತಾ ಬಂದಿದ್ದ ಹೊತ್ತು. ತೀರ್ಥಹಳ್ಳಿ ಕಡೆಯ ನಮ್ಮ ಭಾವ ಫೋನ್ ಮಾಡಿದರು. "ಒಂದು ಒಳ್ಳೇ ಫೈರ್‌ವಾಲ್ ಹೇಳು ಮಾರಾಯ. ದುಡ್ಡು ಹೋದರೆ ಹೋಗಲಿ, ಹಾಕಿಸಿಬಿಡ್ತೀನಿ." ಅವರ ಪರಿಚಯದವರೊಬ್ಬರ ಕಂಪ್ಯೂಟರಿಗೆ ಯಾವುದೋ ವೈರಸ್ ಹೊಕ್ಕು ಲೆಕ್ಕಪತ್ರಕ್ಕೆಲ್ಲ ಬೀಗ ಬಿದ್ದಿತ್ತಂತೆ. ಭಾವನಿಗೆ ದಿಗಿಲು.

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಇಂಥ ಫೋನ್ ನನಗೆ ಹೊಸದಲ್ಲ. ಭಾನುವಾರ ಬರುತ್ತೇನೆ ಎಂದೆ. ಹೋಗಿ ಕಂಪ್ಯೂಟರ್ ಹಚ್ಚಿ, ವಿಂಡೋಸ್ ಸೆಕ್ಯುರಿಟಿ ತೆಗೆದು ನೋಡಿದರೆ ಫೈರ್‌ವಾಲ್ ಅಲ್ಲೇ ಇದೆ. ಆದರೆ ಮೂರು ಸಾಲಿನ ಎದುರೂ ಕೆಂಪು ಗುರುತು. ಆಫ್, ಆಫ್, ಆಫ್.

"ಇದನ್ನ ಆಫ್ ಮಾಡಿದ್ದು ಯಾರು ಭಾವ?" ಅಂದೆ. ಅವರಿಗೆ ಗೊತ್ತಿಲ್ಲ. ಅಕ್ಕನಿಗೆ ನೆನಪಾಯಿತು. ಎರಡು ವರ್ಷದ ಹಿಂದೆ ಮಗಳ ಲ್ಯಾಪ್‌ಟಾಪಿನಿಂದ ಕೆಳಗಿನ ಪ್ರಿಂಟರಿಗೆ ಪ್ರಿಂಟ್ ಬರುತ್ತಿರಲಿಲ್ಲ. ಪೇಟೆಯಿಂದ ಒಬ್ಬ ಹುಡುಗ ಬಂದ. ಏನೋ ಒತ್ತಿದ. ಪ್ರಿಂಟ್ ಬಂತು. ಕಾಫಿ ಕುಡಿದು ಹೋದ.

ನಮ್ಮ ಕಡೆಯವರಿಗೆ ಉಣುಗೋಲು ಗೊತ್ತು. ಪೇಟೆಯ ಕೇಳುಗರಿಗಾಗಿ ಹೇಳುತ್ತೇನೆ. ತೋಟದ ಬೇಲಿಯಲ್ಲಿ ದಾರಿ ಇರುವ ಕಡೆ ಎರಡು ಕಂಬ ನೆಡುತ್ತಾರೆ. ಕಂಬಕ್ಕೆ ತೂತು, ತೂತಿಗೆ ಅಡ್ಡ ಗಳ. ಮನುಷ್ಯರು ಗಳ ಸರಿಸಿ ದಾಟುತ್ತಾರೆ, ದನಕ್ಕೆ ಅದು ಬರುವುದಿಲ್ಲ. ಗೊಬ್ಬರದ ಗಾಡಿ ಬಂತೆಂದು ಗಳ ಎಲ್ಲ ತೆಗೆದಿಟ್ಟು, ವಾಪಸ್ ಹಾಕುವುದನ್ನು ಮರೆತರೆ ಬೆಳಿಗ್ಗೆ ಏನಾಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ? ಆ ಹುಡುಗ ಮಾಡಿದ್ದು ಇಷ್ಟೇ. ಅವನೊಬ್ಬನನ್ನೇ ಬೈಯುವುದೂ ಸರಿಯಲ್ಲ. ನಮ್ಮ ಕಸುಬಿನಲ್ಲಿ ಇದು ಎಲ್ಲರೂ ಮಾಡುವ ಸೋಮಾರಿತನ. ನಾನೂ ಮಾಡಿದ್ದೇನೆ.

ಫೈರ್‌ವಾಲ್ ಅಂದರೆ ಮೊದಲು ಕಟ್ಟಡ ಕಟ್ಟುವವರ ಮಾತು. ಒಂದು ಕೋಣೆಗೆ ಬಿದ್ದ ಬೆಂಕಿ ಪಕ್ಕದ ಕೋಣೆಗೆ ದಾಟದಂತೆ ಕಟ್ಟುವ ಗೋಡೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಕ್ಕೆ ಬೇಸಿಗೆಗೆ ಮುಂಚೆ ನಾವು ದರಕು, ಅಂದರೆ ಒಣ ಎಲೆ, ಗುಡಿಸಿ ಬೆಂಕಿಗೆರೆ ಬಿಡಿಸುತ್ತೇವಲ್ಲ, ಅದರ ತಮ್ಮ ಅನ್ನಿ. ಕಂಪ್ಯೂಟರಿನ ಫೈರ್‌ವಾಲ್ ಮಾತ್ರ ಗೋಡೆಗಿಂತ ಉಣುಗೋಲಿಗೇ ಹತ್ತಿರ. ಕಂಪ್ಯೂಟರಿಗೆ ಪೋರ್ಟ್ ಎಂಬ ಬಾಗಿಲುಗಳಿವೆ. ಕಣ್ಣಿಗೆ ಕಾಣುವಂಥವಲ್ಲ, ಬರೀ ನಂಬರುಗಳು, 65,535ರ ತನಕ. ನೀವು ನೋಡುವ ವೆಬ್‌ಸೈಟು ಬಹುತೇಕ 443ನೇ ಬಾಗಿಲಲ್ಲಿ ಮಾತಾಡುತ್ತದೆ. ವಿಂಡೋಸ್‌ನಲ್ಲಿ ಫೈಲು, ಪ್ರಿಂಟರು ಹಂಚಿಕೊಳ್ಳುವ ಬಾಗಿಲು 445. ಫೈರ್‌ವಾಲ್ ಮಾಡುವ ಮುಖ್ಯ ಕೆಲಸ ಒಂದೇ. ನೀವಾಗಿ ಯಾರನ್ನಾದರೂ ಮಾತಾಡಿಸಿದರೆ ಅವರ ಉತ್ತರವನ್ನು ಒಳಗೆ ಬಿಡುತ್ತದೆ. ಕರೆಯದೆ ಬಂದವರನ್ನು ಬಿಡುವುದಿಲ್ಲ.

ಕರೆಯದೆ ಬರುವವರು ಯಾರಪ್ಪಾ, ನಮ್ಮಂಥ ಹಳ್ಳಿ ಮನೆ ಕಂಪ್ಯೂಟರಿಗೆ? ಇದಕ್ಕೆ ಒಂದು ಹಳೇ ಕಥೆ ಹೇಳುತ್ತೇನೆ. 2003ರ ಆಗಸ್ಟ್. ಆಗ ನಾನು ಬೇರೆಯವರ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದೆ. ಫೋನ್ ಲೈನಿನಲ್ಲಿ ಇಂಟರ್ನೆಟ್. ಮೋಡೆಮ್ ಕಿರುಗುಟ್ಟಿ ಕನೆಕ್ಟ್ ಆಗಬೇಕು. ಒಂದು ವಾರದಲ್ಲಿ ಕಂಪ್ಯೂಟರುಗಳು ಒಂದರ ಹಿಂದೊಂದು ಅಂಗಡಿಗೆ ಬರತೊಡಗಿದವು. ಎಲ್ಲದಕ್ಕೂ ಒಂದೇ ರೋಗ. ನೆಟ್ ಹಾಕಿದ ಸ್ವಲ್ಪ ಹೊತ್ತಿಗೆ ಪರದೆಯ ಮೇಲೊಂದು ಪೆಟ್ಟಿಗೆ, 60 ಸೆಕೆಂಡಿನ ಎಣಿಕೆ, ಆಮೇಲೆ ತಾನಾಗಿ ರೀಸ್ಟಾರ್ಟ್. ಜೋರು ಮಳೆಗಾಲ, ಕರೆಂಟು ಬೇರೆ ಆಡುತ್ತಿತ್ತು. ನಾವು ವೋಲ್ಟೇಜ್ ತೊಂದರೆ ಅಂತಲೇ ತಿಳಿದೆವು. ಇಬ್ಬರು ಹೊಸ ಯುಪಿಎಸ್ ಕೊಂಡುಕೊಂಡರು, ಪಾಪ. ಫಾರ್ಮ್ಯಾಟ್ ಮಾಡಿ ಕೊಟ್ಟರೆ ಮನೆಗೆ ಹೋಗಿ ನೆಟ್ ಹಾಕುತ್ತಲೇ ಮತ್ತೆ ಅದೇ ಕಥೆ.

ಅದು ಬ್ಲಾಸ್ಟರ್ ಎಂಬ ಹುಳ. ಯಾರೂ ಮೇಲ್ ತೆರೆದಿರಲಿಲ್ಲ, ಏನನ್ನೂ ಒತ್ತಿರಲಿಲ್ಲ. ಅದು 135ನೇ ಬಾಗಿಲಿನಿಂದ ತಾನೇ ಹೊಕ್ಕುತ್ತಿತ್ತು. ಹೊಕ್ಕ ಕಂಪ್ಯೂಟರಿನಿಂದ ಬೇರೆ ಕಂಪ್ಯೂಟರುಗಳ ಬಾಗಿಲು ತಟ್ಟುತ್ತಿತ್ತು. ಅದಕ್ಕೆ ತೀರ್ಥಹಳ್ಳಿಯೂ ಒಂದೇ, ಅಮೆರಿಕವೂ ಒಂದೇ. ಬೇಜಾರಿನ ವಿಷಯ ಏನೆಂದರೆ, 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಮೊದಲಿಂದ ಇತ್ತು. ಆದರೆ ಆಫ್ ಆಗಿತ್ತು! ಅದನ್ನು ಆನ್ ಮಾಡಿ, ಆಮೇಲೆ ನೆಟ್ ಹಾಕಿ ಅಪ್‌ಡೇಟ್ ಇಳಿಸಿಕೊಂಡರೆ ಮುಗಿಯಿತು. ಅದು ಗೊತ್ತಾಗಲು ನಮಗೆ ವಾರ ಹಿಡಿಯಿತು. ಮರುವರ್ಷ, 2004ರ ಆಗಸ್ಟ್‌ನಲ್ಲಿ ಬಂದ ಸರ್ವಿಸ್ ಪ್ಯಾಕ್ 2 ಎಂಬ ದೊಡ್ಡ ಅಪ್‌ಡೇಟಿನಲ್ಲಿ ಮೈಕ್ರೋಸಾಫ್ಟ್ ಫೈರ್‌ವಾಲನ್ನು ತಾನೇ ಆನ್ ಮಾಡಿ ಕೊಟ್ಟಿತು. ಅಲ್ಲಿಂದ ಇಲ್ಲಿಯವರೆಗೆ ವಿಂಡೋಸ್‌ನಲ್ಲಿ ಅದು ಆನ್ ಆಗಿಯೇ ಬರುತ್ತದೆ. ಆಫ್ ಆಗಿದ್ದರೆ ಯಾರೋ ಮಾಡಿದ್ದಾರೆ, ಇಲ್ಲಾ ಬೇರೆ ಯಾವುದೋ ಪ್ರೋಗ್ರಾಂ ಮಾಡಿದೆ ಎಂದೇ ಅರ್ಥ.

ಇದೆಲ್ಲ ಹಳೇ ಕಾಲದ್ದು ಅನ್ನಬೇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಬಂದು ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತಲ್ಲ, ಅದು ಹರಡಿದ್ದು ಈ 445ನೇ ಬಾಗಿಲಿನಲ್ಲೇ. ತೂತು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಮೊದಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಸರಿ, ಭಾವನ ಪ್ರಶ್ನೆಗೆ ಬರೋಣ. ಯಾವುದು ಒಳ್ಳೆಯದು?

ಮನೆ ಕಂಪ್ಯೂಟರಿಗೆ ವಿಂಡೋಸ್ ಜೊತೆ ಬರುವ ಫೈರ್‌ವಾಲ್ ಸಾಕು. ಇದು ನನ್ನ ಖಚಿತ ಅಭಿಪ್ರಾಯ. ಮ್ಯಾಕ್ ಇರುವವರು ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ತೆಗೆದು ಫೈರ್‌ವಾಲ್ ನೋಡಿ. ಅಲ್ಲಿ ಸಾಮಾನ್ಯವಾಗಿ ಆಫ್ ಇರುತ್ತದೆ, ಆನ್ ಮಾಡಿ. ಉಬುಂಟು ಬಳಸುವವರಿಗೂ ಅದೇ ಮಾತು. ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಒಳಗೇ ಇರುತ್ತದೆ, ಎಬ್ಬಿಸಬೇಕಷ್ಟೆ.

ಹಾಗಾದರೆ ಬೇರೆ ಫೈರ್‌ವಾಲ್‌ಗಳು ಯಾಕಿವೆ? ವಿಂಡೋಸ್‌ನದ್ದು ಹೊರಗಿಂದ ಬರುವುದನ್ನು ತಡೆಯುತ್ತದೆ. ಒಳಗಿಂದ ಹೊರಗೆ ಹೋಗುವುದನ್ನು, ನೀವು ಬೇಡ ಎನ್ನದಿದ್ದರೆ, ಸುಮ್ನೆ ಬಿಡುತ್ತದೆ. ಝೋನ್ ಅಲಾರ್ಮ್, ಕೊಮೋಡೋ ಮುಂತಾದವು ಹೊರಗೆ ಹೋಗುವವರನ್ನೂ ನಿಲ್ಲಿಸಿ ಕೇಳುತ್ತವೆ. ಕೇಳುವುದಕ್ಕೆ ಚೆಂದ. 2003ರ ಪೆಟ್ಟು ತಿಂದ ಮೇಲೆ ನಾನೂ ಕಂಡ ಕಂಡವರಿಗೆಲ್ಲ ಝೋನ್ ಅಲಾರ್ಮ್ ಹಾಕಿಕೊಟ್ಟೆ. "ಎಸ್‌ವಿಸಿಹೋಸ್ಟ್ ಹೊರಗೆ ಹೋಗಬೇಕಂತೆ, ಬಿಡಲೇ?" ಅಂತ ಅದು ಕೇಳುತ್ತದೆ. ಮನೆಯಲ್ಲಿ ಕೂತು ಮದುವೆ ಲೆಕ್ಕ ಬರೆಯುವವರಿಗೆ ಎಸ್‌ವಿಸಿಹೋಸ್ಟ್ ಅಂದರೆ ವಿಂಡೋಸ್‌ನದ್ದೇ ಒಂದು ಪ್ರೋಗ್ರಾಂ ಅಂತ ಗೊತ್ತಾಗುವುದು ಹೇಗೆ? ಮೊದಲ ದಿನ ನನಗೆ ಫೋನ್ ಮಾಡಿ ಕೇಳಿದರು. ಎರಡನೇ ದಿನ ಬೇಡ ಎಂದು ಒತ್ತಿ ಇಂಟರ್ನೆಟ್ಟೇ ನಿಂತಿತು. ಮೂರನೇ ದಿನದಿಂದ ಕೇಳಿದ್ದಕ್ಕೆಲ್ಲ ಹೂಂ. ಎಲ್ಲದಕ್ಕೂ ಹೂಂ ಅನ್ನುವ ಕಾವಲುಗಾರನಿಗೆ ಸಂಬಳ ಯಾಕೆ?

ಯಾವ ಪ್ರೋಗ್ರಾಂ ಎಲ್ಲಿಗೆ ಹೋಗುತ್ತದೆ ಎಂಬ ಕುತೂಹಲ ಇರುವವರು ಗ್ಲಾಸ್‌ವೈರ್ ನೋಡಬಹುದು. ಗೆರೆ ಎಳೆದು ತೋರಿಸುತ್ತದೆ. ಗಲಾಟೆ ಇಲ್ಲದ್ದು ಬೇಕಾದರೆ ಟೈನಿವಾಲ್ ಇದೆ. ಅದು ಪ್ರಶ್ನೆ ಕೇಳುವುದೇ ಇಲ್ಲ, ನೀವು ಪಟ್ಟಿಗೆ ಸೇರಿಸಿದವರನ್ನಷ್ಟೇ ಬಿಡುತ್ತದೆ. ಪುಕ್ಕಟೆ ಕೂಡ. ಆದರೆ ಎರಡೆರಡು ಫೈರ್‌ವಾಲ್ ಪ್ರೋಗ್ರಾಂ ಒಟ್ಟಿಗೆ ಹಾಕಿ ಜಾಸ್ತಿ ಭದ್ರ ಅಂದುಕೊಳ್ಳಬೇಡಿ. ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ, ತಪ್ಪು ಯಾರದ್ದೆಂದು ಹುಡುಕುವುದರಲ್ಲಿ ನನ್ನ ಅರ್ಧ ದಿನ ಹೋಗುತ್ತದೆ. ಹೊಸ ಲ್ಯಾಪ್‌ಟಾಪಿನ ಜೊತೆ ಬರುವ ಟ್ರಯಲ್ ಆಂಟಿವೈರಸ್ ಕೂಡ ಕೆಲವು ಸಲ ಫೈರ್‌ವಾಲ್ ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡಿರುತ್ತದೆ. ಅವಧಿ ಮುಗಿದ ಮೇಲೆ ದುಡ್ಡು ಕಟ್ಟುವುದಿಲ್ಲ ಎಂದಾದರೆ ಅದನ್ನು ಪೂರ್ತಿ ತೆಗೆದುಹಾಕಿ. ಆಮೇಲೆ ವಿಂಡೋಸ್‌ನದ್ದು ಆನ್ ಆಗಿದೆಯಾ ಅಂತ ಕಣ್ಣಾರೆ ನೋಡಿ.

ಈಗ ಭಾವನ ಪ್ರಿಂಟರ್. ನಾನು ಮೂರನ್ನೂ ಆನ್ ಮಾಡಿದೆ. ಪ್ರಿಂಟ್ ನಿಂತಿತು. ಭಾವ ನನ್ನ ಮುಖ ನೋಡಿದರು. ಕಾರಣ ಇಷ್ಟು. ಮನೆಯಲ್ಲಿ ಯಾವ ನೆಟ್‌ವರ್ಕ್ ಸೇರಿದರೂ ವಿಂಡೋಸ್ ಅದನ್ನು ಪಬ್ಲಿಕ್ ಅಥವಾ ಪ್ರೈವೇಟ್ ಎಂದು ಗುರುತು ಮಾಡುತ್ತದೆ; ಮೂರನೇ ಸಾಲು, ಡೊಮೇನ್, ಕಂಪನಿ ಆಫೀಸುಗಳ ನೆಟ್‌ವರ್ಕಿಗೆ. ಪಬ್ಲಿಕ್ ಅಂದರೆ ಸಂತೆ. ಲಾಡ್ಜ್, ಆಸ್ಪತ್ರೆ, ರೈಲು ನಿಲ್ದಾಣದ ವೈಫೈ. ಅಲ್ಲಿ ನಿಮ್ಮ ಕಂಪ್ಯೂಟರ್ ಯಾರಿಗೂ ಮುಖ ತೋರಿಸುವುದಿಲ್ಲ. ಪ್ರೈವೇಟ್ ಅಂದರೆ ನಿಮ್ಮ ಮನೆ ಜಗಲಿ. ಅಲ್ಲಿ ಮನೆಯ ಕಂಪ್ಯೂಟರುಗಳು ಒಂದನ್ನೊಂದು ಮಾತಾಡಿಸಬಹುದು. ಭಾವನ ಮನೆಯ ಎರಡು ಕಂಪ್ಯೂಟರಿಗೂ ಮನೆ ವೈಫೈ ಪಬ್ಲಿಕ್ ಅಂತಲೇ ಗುರುತಾಗಿತ್ತು. ಸೆಟ್ಟಿಂಗ್ಸ್ ತೆಗೆದು, ನೆಟ್‌ವರ್ಕ್ ಅಂಡ್ ಇಂಟರ್ನೆಟ್ ಒಳಗೆ ಹೋಗಿ, ಮನೆ ವೈಫೈ ವಿವರದಲ್ಲಿ ಪ್ರೈವೇಟ್ ಆರಿಸಿದೆ. ಎರಡರಲ್ಲೂ. ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಪ್ರೈವೇಟಿಗೆ ಮಾತ್ರ ಆನ್ ಮಾಡಿದೆ. ಪ್ರಿಂಟರ್ ಒಂದು ಸಲ ಕೆಮ್ಮಿ ಪಹಣಿಯ ಹಾಳೆ ಹೊರಗೆ ತಳ್ಳಿತು. ಐದು ನಿಮಿಷದ ಕೆಲಸ. ಒಂದೇ ಕಂಪ್ಯೂಟರ್ ಇದ್ದು, ಹಂಚಿಕೊಳ್ಳುವುದು ಏನೂ ಇಲ್ಲದಿದ್ದರೆ ಮನೆಯಲ್ಲೂ ಪಬ್ಲಿಕ್ ಎಂದೇ ಇರಲಿ. ನೆಟ್‌ವರ್ಕ್ ಸಿಗದೆ ಗುಡ್ಡ ಹತ್ತಿ ಫೋನಿನ ಹಾಟ್‌ಸ್ಪಾಟಿನಲ್ಲಿ ಆಫೀಸು ಕೆಲಸ ಮಾಡುವ ಹುಡುಗರಿಗೂ ಪಬ್ಲಿಕ್ಕೇ ಸರಿ.

ಇನ್ನೊಂದು, ಹೊಸ ಪ್ರೋಗ್ರಾಂ ಅಥವಾ ಮಕ್ಕಳ ಆಟ ಹಾಕಿದಾಗ ಫೈರ್‌ವಾಲ್ ಒಂದು ಪೆಟ್ಟಿಗೆ ತೋರಿಸಿ ಇದನ್ನು ಬಿಡಲೇ ಎಂದು ಕೇಳುತ್ತದೆ. ನಾನು ಮೊದಲು ಕ್ಯಾನ್ಸಲ್ ಒತ್ತುತ್ತೇನೆ. ಹತ್ತರಲ್ಲಿ ಎಂಟು ಸಲ ಪ್ರೋಗ್ರಾಂ ಅದರ ಪಾಡಿಗೆ ಕೆಲಸ ಮಾಡುತ್ತದೆ. ಮಾಡದಿದ್ದರೆ ಆಮೇಲೆ 'ಅಲೋ ಆ್ಯನ್ ಆ್ಯಪ್' ಪಟ್ಟಿಯಲ್ಲಿ ಅದೊಂದಕ್ಕೆ ಮಾತ್ರ ಟಿಕ್ ಹಾಕಿದರಾಯಿತು. ಒಂದು ಗಳ ಸರಿಸಿದರೆ ಸಾಕು ಅನ್ನುವ ಕಡೆ ಉಣುಗೋಲನ್ನೇ ಕೀಳಬೇಡಿ. ಯಾರು ಏನೇನು ಮಾಡಿಟ್ಟಿದ್ದಾರೋ ಗೊತ್ತಿಲ್ಲ ಎಂದಾದರೆ ಅದೇ ಪುಟದಲ್ಲಿ 'ರಿಸ್ಟೋರ್ ಫೈರ್‌ವಾಲ್ಸ್ ಟು ಡಿಫಾಲ್ಟ್' ಎಂದಿದೆ. ಒತ್ತಿದರೆ ಮೊದಲಿನಂತೆ.

ಮನೆ ಮೋಡೆಮ್ ಕೂಡ ಒಂದು ಬೇಲಿಯೇ. ಕರೆಯದೆ ಬಂದದ್ದನ್ನು ಮನೆಯ ಯಾವ ಯಂತ್ರಕ್ಕೆ ಕೊಡಬೇಕೆಂದು ಅದಕ್ಕೆ ಗೊತ್ತಿರುವುದಿಲ್ಲ, ಬಿಸಾಡುತ್ತದೆ. ಆದರೆ ಈಗ ಅಡಿಕೆ ಒಣಹಾಕುವ ಅಂಗಳಕ್ಕೆಲ್ಲ ಸಿಸಿ ಕ್ಯಾಮೆರಾ ಬಂದಿದೆ. ಕಳ್ಳರ ಕಾಟ, ತಪ್ಪಲ್ಲ. ಫೋನಿನಲ್ಲಿ ನೋಡಲು ಬರಲಿ ಎಂದು ಹಾಕುವವರು ಕೆಲವೊಮ್ಮೆ ಮೋಡೆಮ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ಹೊರಗಿನಿಂದ ನೇರ ಕ್ಯಾಮೆರಾಕ್ಕೆ ಒಂದು ಬಾಗಿಲು ತೆರೆದಿಟ್ಟು ಹೋಗುತ್ತಾರೆ. ಕ್ಯಾಮೆರಾ ಪೆಟ್ಟಿಗೆಯ ಪಾಸ್‌ವರ್ಡ್ ಕಂಪನಿಯಿಂದ ಬಂದದ್ದೇ ಉಳಿದಿರುತ್ತದೆ. 2016ರಲ್ಲಿ ಮಿರಾಯ್ ಎಂಬ ಹುಳ ಇಂಥ ಮಾಮೂಲಿ ಪಾಸ್‌ವರ್ಡ್ ಹಾಕಿ ನೋಡಿಯೇ ಜಗತ್ತಿನ ಲಕ್ಷಗಟ್ಟಲೆ ಕ್ಯಾಮೆರಾ, ಮೋಡೆಮ್‌ಗಳ ಒಳಗೆ ಹೊಕ್ಕಿತು. ಆ ವರ್ಷದ ಅಕ್ಟೋಬರ್ 21ರಂದು ಅವನ್ನೆಲ್ಲ ಒಟ್ಟಿಗೆ ನುಗ್ಗಿಸಿ ಅಮೆರಿಕದಲ್ಲಿ ದೊಡ್ಡ ದೊಡ್ಡ ವೆಬ್‌ಸೈಟುಗಳೇ ಗಂಟೆಗಟ್ಟಲೆ ಸಿಗದಂತೆ ಮಾಡಿದ್ದರು. ನಮ್ಮ ಅಂಗಳದ ಕ್ಯಾಮೆರಾ ಅಂಥ ಜಾತ್ರೆಗೆ ಹೋಗುವುದು ಬೇಡ. ಮೋಡೆಮ್, ಕ್ಯಾಮೆರಾ ಎರಡರ ಪಾಸ್‌ವರ್ಡೂ ಬದಲಾಯಿಸಿ. ಪೋರ್ಟ್ ತೆರೆದಿಟ್ಟಿದ್ದೀರಾ ಅಂತ ಕ್ಯಾಮೆರಾ ಹಾಕುವವರನ್ನು ಕೇಳಿ.

ಕಡೆಗೆ, ಫೈರ್‌ವಾಲ್ ತಡೆಯದ ಒಂದು ವಿಷಯ. ನೀವೇ ಇಳಿಸಿಕೊಂಡ ಪ್ರೋಗ್ರಾಂ, ನೀವೇ ಹೇಳಿದ ಒಟಿಪಿ, "ಬ್ಯಾಂಕಿನವರು" ಹಾಕಿಸಿದ ರಿಮೋಟ್ ಆ್ಯಪ್, ಇವನ್ನು ಅದು ತಡೆಯುವುದಿಲ್ಲ. ಅದರ ಲೆಕ್ಕದಲ್ಲಿ ಕರೆದವರು ನೀವೇ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಾನು ಹೋಗಿಬಂದ ಎರಡು ವಾರಕ್ಕೆ ಅಕ್ಕ ಫೋನ್ ಮಾಡಿದರು. ಹಿಂದೆ ಸೈರನ್ ಕೂಗುತ್ತಿದೆ. "ಫೈರ್‌ವಾಲ್ ಹಾಳಾಗಿದೆ, ಈ ನಂಬರಿಗೆ ಫೋನ್ ಮಾಡಿ ಅಂತ ಪರದೆ ತುಂಬ ಬಂದಿದೆ ಕಣೋ. ಮಾಡ್ಲಾ?" ಬೇಡ ಅಕ್ಕ, ನಿಜವಾದ ಫೈರ್‌ವಾಲ್ ಯಾವತ್ತೂ ಫೋನ್ ನಂಬರ್ ಕೊಡುವುದಿಲ್ಲ, ಪವರ್ ಬಟನ್ ಒತ್ತಿ ಹಿಡಿ ಅಂದೆ. ಒತ್ತಿ ಹಿಡಿದರು. ಸೈರನ್ ನಿಂತಿತು. ಅದು ಬರೀ ಒಂದು ವೆಬ್ ಪುಟವಾಗಿತ್ತು. ಫೈರ್‌ವಾಲ್ ಮೂರೂ ಸಾಲಿನಲ್ಲಿ ಹಸಿರಾಗಿಯೇ ಇತ್ತು.

ನಮಸ್ಕಾರ.