ಮುಟ್ಟುವ ಮೊದಲು ನೋಡಿ

ನಮಸ್ಕಾರ ಮಕ್ಕಳೇ. ಒಂದು ಕಡೆ ಅಪರಾಧ ನಡೆದಿದೆ, ತನಿಖೆ ಮಾಡುವವರು ಅಲ್ಲಿಗೆ ಬಂದರು. ಅವರು ಮೊದಲು ಮಾಡಬೇಕಾದ ಕೆಲಸ ಏನು? ಭೂತಗನ್ನಡಿ ಹಿಡಿದು ಹುಡುಕೋದು ಅಂತೀರಾ? ಅಲ್ಲ. ಏನನ್ನೂ ಮುಟ್ಟದೆ ನಿಂತು ನೋಡೋದು. ಆ ಜಾಗಕ್ಕೆ ಸುತ್ತ ಪಟ್ಟಿ ಕಟ್ಟಿ, ಬೇರೆಯವರು ಒಳಗೆ ಬಾರದ ಹಾಗೆ ಮಾಡಿ, ಪ್ರತಿಯೊಂದು ವಸ್ತುವಿನ ಪಕ್ಕ ಅಳತೆಪಟ್ಟಿ ಇಟ್ಟು ಫೋಟೋ ತೆಗೆದ ಮೇಲೇನೇ ಕೈ ಹಾಕುವುದು.

ಯಾಕೆ ಇಷ್ಟು ಎಚ್ಚರಿಕೆ? ಎಡ್ಮಂಡ್ ಲೊಕಾರ್ಡ್ ಅನ್ನುವವರು 1910ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಪೊಲೀಸರಿಗಾಗಿ ಒಂದು ಪ್ರಯೋಗಾಲಯ ಶುರು ಮಾಡಿದರು. ಎರಡು ವಸ್ತು ಒಂದಕ್ಕೊಂದು ತಾಗಿದರೆ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಸ್ವಲ್ಪವಾದರೂ ಅಂಟುತ್ತದೆ ಅನ್ನುವುದು ಅವರ ಮಾತು. ಬಟ್ಟೆಯ ಎಳೆ, ಕೂದಲು, ಮಣ್ಣು, ಬಣ್ಣದ ಚೂರು, ಏನು ಬೇಕಾದರೂ ಆಗಬಹುದು. ಹಾಗಾದರೆ ತನಿಖೆಗೆ ಬಂದವರ ಕೂದಲೂ ಅಲ್ಲಿ ಬೀಳಬಹುದು ಅಲ್ವಾ? ಅದಕ್ಕೇ ಕೈಗವಸು, ಟೋಪಿ, ಶೂ ಮೇಲೊಂದು ಹೊದಿಕೆ.

ಒಡೆದ ಗಾಜು ನನಗೆ ತುಂಬಾ ಇಷ್ಟವಾದ ಸಾಕ್ಷ್ಯ. ಒಂದು ಕಿಟಕಿ ಗಾಜಿಗೆ ಎರಡು ಗುಂಡು ತಗುಲಿವೆ ಅಂತ ಇಟ್ಟುಕೊಳ್ಳಿ. ಎರಡು ತೂತು, ಎರಡರ ಸುತ್ತಲೂ ಬಿರುಕು. ಮೊದಲು ಬಿದ್ದದ್ದು ಯಾವುದು? ಬಿರುಕುಗಳು ಸೇರುವ ಜಾಗವನ್ನು ಹತ್ತಿರದಿಂದ ನೋಡಿ. ಎರಡನೇ ಗುಂಡಿನ ಬಿರುಕು ಓಡುತ್ತಾ ಬಂದು, ಮೊದಲಿನ ಬಿರುಕು ಸಿಕ್ಕ ಕಡೆ ನಿಂತುಬಿಡುತ್ತದೆ. ಅಲ್ಲಿ ಗಾಜು ಆಗಲೇ ಬೇರೆಯಾಗಿದೆ, ಮುಂದೆ ಸೀಳಲು ದಾರಿಯೇ ಇಲ್ಲ. ಎರಡರಲ್ಲಿ ಯಾವ ಗುಂಡು ಮೊದಲು ತಗುಲಿತು ಅನ್ನುವ ಜಗಳವನ್ನೂ ಇಷ್ಟು ಸಣ್ಣ ಗೆರೆ ತೀರಿಸಬಲ್ಲದು!

ರಕ್ತ ಅಂಟಿದ ಒದ್ದೆ ಬಟ್ಟೆಯನ್ನು ಒಣಗಿಸಿ ಕಾಗದದ ಚೀಲಕ್ಕೆ ಹಾಕುತ್ತಾರೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ತೇವ ಒಳಗೇ ಉಳಿದು, ಬ್ಯಾಕ್ಟೀರಿಯಾ ಬೆಳೆದು, ಡಿಎನ್‌ಎ ಹಾಳಾಗುತ್ತದೆ. ಆ ಚೀಲ ಯಾರ ಕೈಯಿಂದ ಯಾರ ಕೈಗೆ, ಯಾವಾಗ ಹೋಯಿತು ಅನ್ನುವುದನ್ನೂ ಬರೆದಿಡಬೇಕು. ಈ ಬರವಣಿಗೆ ಬೇಸರದ ಕೆಲಸ ಅನ್ನಿಸಬಹುದು, ಆದರೆ ಇದು ತಪ್ಪಿದರೆ ಎಷ್ಟು ಒಳ್ಳೆಯ ಸಾಕ್ಷ್ಯವೂ ನ್ಯಾಯಾಲಯದಲ್ಲಿ ಬಿದ್ದುಹೋಗಬಹುದು.

ಇನ್ನೊಂದು ಮಾತು. ಸಾಕ್ಷ್ಯ ಇರುವುದು ಬರೀ ಕಳ್ಳನನ್ನು ಹಿಡಿಯೋಕೆ ಅಂತ ತಿಳಿಯಬೇಡಿ. 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರಿಸ್ ಡಿಎನ್‌ಎ ಮೂಲಕ ಒಬ್ಬೊಬ್ಬರನ್ನೂ ಗುರುತಿಸುವ ದಾರಿ ಕಂಡುಕೊಂಡರು. ಸ್ವಲ್ಪ ಸಮಯದಲ್ಲೇ ಎರಡು ಕೊಲೆಗಳ ತನಿಖೆಗೆ ಅದನ್ನು ಬಳಸಿದರು. ಹದಿನೇಳರ ಹುಡುಗನೊಬ್ಬ ಅದರಲ್ಲಿ ಒಂದನ್ನು ತಾನೇ ಮಾಡಿದ್ದು ಅಂತ ಒಪ್ಪಿಕೊಂಡಿದ್ದ. ಪರೀಕ್ಷೆ ಮಾಡಿದರೆ, ಎರಡನ್ನೂ ಮಾಡಿದವನು ಒಬ್ಬನೇ, ಆದರೆ ಅವನು ಈ ಹುಡುಗ ಅಲ್ಲ! ನಿಜವಾದ ಅಪರಾಧಿ ಸಿಕ್ಕಿದ್ದು ಆಮೇಲೆ. ಆ ಪರೀಕ್ಷೆ ಇಲ್ಲದಿದ್ದರೆ ಆ ಹುಡುಗನ ಗತಿ ಏನಾಗುತ್ತಿತ್ತೋ ಅಂತ ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ.

ಇನ್ನು ಬೆರಳಚ್ಚು. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚಿನ ಕಚೇರಿ ಶುರುವಾಯಿತು. ಅಚ್ಚುಗಳನ್ನು ವಿಂಗಡಿಸುವ ಪದ್ಧತಿಗೆ ಎಡ್ವರ್ಡ್ ಹೆನ್ರಿ ಎಂಬ ಅಧಿಕಾರಿಯ ಹೆಸರು ಬಂತು. ಆದರೆ ಅದಕ್ಕೆ ದುಡಿದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ಹೆಸರನ್ನು ನೀವು ಮರೆಯಬಾರದು ಅನ್ನುವುದು ನನ್ನ ಆಸೆ.

ಇವತ್ತೇ ಒಂದು ಕೆಲಸ ಮಾಡಿ. ಕಾಗದದ ಮೇಲೆ ಪೆನ್ಸಿಲನ್ನು ಚೆನ್ನಾಗಿ ಉಜ್ಜಿ, ಆ ಕಪ್ಪಿನ ಮೇಲೆ ಬೆರಳು ಒತ್ತಿ, ಬೆರಳಿಗೆ ಪಾರದರ್ಶಕ ಟೇಪ್ ಹಚ್ಚಿ ಕಿತ್ತು ಬಿಳಿ ಕಾಗದಕ್ಕೆ ಅಂಟಿಸಿ. ಕುಣಿಕೆ, ಸುಳಿ, ಕಮಾನು, ಈ ಮೂರರಲ್ಲಿ ಒಂದು ಕಾಣುತ್ತದೆ. ಕುಣಿಕೆಯೇ ಜಾಸ್ತಿ ಜನರಲ್ಲಿ ಇರೋದು, ಕಮಾನು ಅಪರೂಪ. ಆದರೆ ಬರೀ ಆಕಾರ ನೋಡಿ ಯಾರದ್ದು ಅಂತ ಹೇಳೋಕಾಗಲ್ಲ. ಗೆರೆ ಎಲ್ಲಿ ನಿಂತಿದೆ, ಎಲ್ಲಿ ಎರಡಾಗಿ ಕವಲೊಡೆದಿದೆ, ಅದನ್ನು ಹುಡುಕಿ ಗುರುತು ಹಾಕಿ. ಆಮೇಲೆ ಗೆಳೆಯರ ಅಚ್ಚಿನ ಜೊತೆ ಇಟ್ಟು ನೋಡಿ.