ಎದೆಗೆ ಕಟ್ಟಿದ ಪಟ್ಟಿ ಏನನ್ನು ನೋಡುತ್ತದೆ?

ಸಭೆಯಲ್ಲಿರುವ ಹಿರಿಯರೇ, ವೈದ್ಯಕೀಯ ಮತ್ತು ಶುಶ್ರೂಷಾ ವಿದ್ಯಾರ್ಥಿಗಳೇ, ಬೆಳೆಗಾರ ಮಿತ್ರರೇ,

ಕಣದಲ್ಲಿ ಹರವಿದ ಕಾಫಿ ಹದವಾಗಿ ಒಣಗಿದೆಯೇ ಎಂದು ತಿಳಿಯಲು ಹಿಂದೆ ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದರು. ಇಂದು ಮಾಯಿಶ್ಚರ್ ಮೀಟರಿನಲ್ಲಿ ಹಾಕಿ ನೋಡುತ್ತೇವೆ. ಆ ಮೀಟರು ಬೀಜವನ್ನು ಒಡೆಯುವುದಿಲ್ಲ. ನೀರಿನಂಶ ಬದಲಾದಂತೆ ಬೀಜದ ವಿದ್ಯುತ್ ಗುಣವೂ ಬದಲಾಗುತ್ತದೆ ಎಂಬ ಒಂದೇ ಆಧಾರದ ಮೇಲೆ, ಹೊರಗಿನಿಂದ ಅಳೆದು ಒಳಗಿನ ಸ್ಥಿತಿಯನ್ನು ಅದು ಹೇಳುತ್ತದೆ. ಇಂದಿನ ಉಪನ್ಯಾಸದ ವಿಷಯವಾದ ಎಲೆಕ್ಟ್ರಿಕಲ್ ಇಂಪೀಡೆನ್ಸ್ ಟೊಮೊಗ್ರಫಿ, ಅಂದರೆ ಇಐಟಿ, ಇದೇ ಆಧಾರವನ್ನು ಮನುಷ್ಯನ ಎದೆಗೆ ಅನ್ವಯಿಸುತ್ತದೆ. ಮೀಟರು ಕೊಡುವುದು ಒಂದು ಸಂಖ್ಯೆ. ಇಐಟಿಯ ಬೆಲ್ಟ್ ಕೊಡುವುದು ಚಲಿಸುವ ಚಿತ್ರ.

ದೇಹದ ಅಂಗಾಂಶಗಳು ವಿದ್ಯುತ್ತನ್ನು ಒಂದೇ ಬಗೆಯಲ್ಲಿ ಹರಿಯಗೊಡುವುದಿಲ್ಲ. ಉಪ್ಪುನೀರಿನ ಗುಣವುಳ್ಳ ರಕ್ತದ ರೋಧಶೀಲತೆ, ಅಂದರೆ ವಿದ್ಯುತ್ತಿನ ಹರಿವನ್ನು ತಡೆಯುವ ಗುಣ, ಸುಮಾರು 1.5 ಓಮ್-ಮೀಟರ್ ಮಾತ್ರ. ಗಾಳಿ ವಿದ್ಯುದ್ವಾಹಕವಲ್ಲದ ಕಾರಣ, ಗಾಳಿ ತುಂಬಿದ ಶ್ವಾಸಕೋಶದ ರೋಧಶೀಲತೆ ಅದರ ಹತ್ತು ಪಟ್ಟನ್ನೂ ಮೀರುತ್ತದೆ. ಉಸಿರನ್ನು ಪೂರ್ತಿ ಬಿಟ್ಟಾಗ ಇದ್ದ ಮೌಲ್ಯ ಆಳವಾಗಿ ಎಳೆದುಕೊಂಡಾಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇಷ್ಟು ದೊಡ್ಡ ಏರಿಳಿತ ಪ್ರತಿ ಉಸಿರಿಗೂ ಉಂಟಾಗುವುದರಿಂದಲೇ ಶ್ವಾಸಕೋಶ ಈ ವಿಧಾನಕ್ಕೆ ಹೇಳಿ ಮಾಡಿಸಿದ ಅಂಗವಾಗಿದೆ.

ಸಾಮಾನ್ಯ ವ್ಯವಸ್ಥೆಯಲ್ಲಿ ಬೆಲ್ಟಿನ ಒಳಮೈಯಲ್ಲಿ 16 ಎಲೆಕ್ಟ್ರೋಡ್‌ಗಳು, ಅಂದರೆ ಚರ್ಮಕ್ಕೆ ತಾಗುವ ವಿದ್ಯುತ್ ಸಂಪರ್ಕ ಬಿಂದುಗಳು, ಇರುತ್ತವೆ. ಅಕ್ಕಪಕ್ಕದ ಎರಡರ ಮೂಲಕ ಅತ್ಯಲ್ಪ ವಿದ್ಯುತ್ತನ್ನು ಹಾಯಿಸಿ, ಉಳಿದ ಜೋಡಿಗಳ ನಡುವೆ ಎಷ್ಟು ವೋಲ್ಟೇಜು ಬರುತ್ತದೆಂದು ಅಳೆಯುತ್ತಾರೆ. ಅನಂತರ ಮುಂದಿನ ಜೋಡಿ, ಅದರ ಮುಂದಿನದು, ಹೀಗೆ ಒಂದು ಸುತ್ತು ಮುಗಿಯುವಾಗ 208 ಅಳತೆಗಳು ಕೈಗೆ ಬರುತ್ತವೆ. ಹಾಯಿಸುವ ಜೋಡಿಯನ್ನೂ ಅಳೆಯುವ ಜೋಡಿಯನ್ನೂ ಅದಲುಬದಲು ಮಾಡಿದರೆ ಉತ್ತರ ಅದೇ ಬರುವುದರಿಂದ, ಇವುಗಳಲ್ಲಿ ನಿಜವಾಗಿ ಹೊಸ ಮಾಹಿತಿ ಕೊಡುವವು 104 ಮಾತ್ರ. ಇಂದಿನ ಯಂತ್ರಗಳು ಇಂಥ ಸುತ್ತನ್ನು ಸೆಕೆಂಡಿಗೆ 50 ಬಾರಿಯವರೆಗೆ ಮುಗಿಸಬಲ್ಲವು. ‘ಮೈಗೆ ಕರೆಂಟು ಹಾಯಿಸುವುದೇ?’ ಎಂದು ಹುಬ್ಬೇರಿಸುವವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಬಳಸುವುದು ಕೆಲವೇ ಮಿಲಿಆಂಪಿಯರ್‌ಗಳ, ಬಹುತೇಕ 50 ಕಿಲೋಹರ್ಟ್ಸ್ ಆಸುಪಾಸಿನ ವಿದ್ಯುತ್ತು. ಮನೆಯ ಪ್ಲಗ್ಗಿನಲ್ಲಿರುವುದು 50 ಹರ್ಟ್ಸ್. ನರ ಮತ್ತು ಸ್ನಾಯುಗಳು ಸುಲಭವಾಗಿ ಕೆರಳುವುದು ಅಂಥ ನಿಧಾನಗತಿಯ ವಿದ್ಯುತ್ತಿಗೆ. ಸಾವಿರ ಪಟ್ಟು ವೇಗವಾಗಿ ದಿಕ್ಕು ಬದಲಿಸುವ ಈ ಅಲ್ಪ ವಿದ್ಯುತ್ತು ರೋಗಿಯ ಅರಿವಿಗೇ ಬರುವುದಿಲ್ಲ. ಎಕ್ಸ್‌ರೇಯ ವಿಕಿರಣವೂ ಇಲ್ಲದ್ದರಿಂದ ಬೆಲ್ಟನ್ನು ಗಂಟೆಗಟ್ಟಲೆ ಬಿಡಬಹುದು.

ಕಷ್ಟವಿರುವುದು ಅಳತೆಯಿಂದ ಚಿತ್ರ ಕಟ್ಟುವಲ್ಲಿ. ಸಿಟಿ ಸ್ಕ್ಯಾನಿನ ಎಕ್ಸ್‌ರೇ ನೆಟ್ಟಗೆ ಹೋಗುತ್ತದೆ. ಆದ್ದರಿಂದ ಅದು ಹಾದುಬಂದ ದಾರಿ ನಮಗೆ ಗೊತ್ತಿರುತ್ತದೆ. ವಿದ್ಯುತ್ತು ಹಾಗಲ್ಲ, ಎದೆಯೊಳಗೆ ಸಿಕ್ಕಿದ ಎಲ್ಲ ದಾರಿಗಳಲ್ಲೂ ಹರಡಿಕೊಂಡು, ತಡೆ ಕಡಿಮೆಯಿದ್ದಲ್ಲಿ ಹೆಚ್ಚು ಹರಿಯುತ್ತದೆ. ಗಡಿಯಲ್ಲಿ ನಿಂತು ಅಳೆದು ಒಳಗಿನ ವಾಹಕತೆಯನ್ನು ತಿಳಿಯಲು ಸಾಧ್ಯವೇ ಎಂಬ ಗಣಿತದ ಪ್ರಶ್ನೆಯನ್ನು 1980ರಲ್ಲಿ ಪ್ರಕಟಿಸಿದವರು ಅರ್ಜೆಂಟೀನಾದ ಗಣಿತಜ್ಞ ಆಲ್ಬರ್ಟೊ ಕಾಲ್ಡೆರೋನ್. ತರುಣರಾಗಿದ್ದಾಗ ಆ ದೇಶದ ಸರ್ಕಾರಿ ತೈಲ ಸಂಸ್ಥೆಯಲ್ಲಿ ಎಂಜಿನಿಯರ್ ಆಗಿದ್ದ ಅವರಿಗೆ ಆ ಪ್ರಶ್ನೆ ಹೊಳೆದದ್ದು ರೋಗಿಯನ್ನು ಕಂಡಲ್ಲ, ನೆಲದಡಿ ಏನಿದೆಯೆಂದು ಹುಡುಕುವ ಕೆಲಸದಲ್ಲಿ. ಅದೇ ದಶಕದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಡೇವಿಡ್ ಬಾರ್ಬರ್ ಮತ್ತು ಬ್ರಯಾನ್ ಬ್ರೌನ್ ಮನುಷ್ಯದೇಹದ ಇಂಥ ಚಿತ್ರಗಳನ್ನು ಪಡೆದರು.

ಗಣಿತಜ್ಞರು ಈ ಬಗೆಯ ಲೆಕ್ಕವನ್ನು ಸುಲಭಕ್ಕೆ ನಂಬುವುದಿಲ್ಲ, ಮತ್ತು ಅವರ ಸಂಶಯ ಸಕಾರಣವಾದದ್ದು. ಎದೆಯ ನಡುವೆ ಆದ ದೊಡ್ಡ ಬದಲಾವಣೆ ಚರ್ಮದ ಮೇಲಿನ ವೋಲ್ಟೇಜಿನಲ್ಲಿ ತೀರ ಸಣ್ಣ ವ್ಯತ್ಯಾಸವನ್ನು ಉಂಟುಮಾಡುತ್ತದೆ. ಲೆಕ್ಕವನ್ನು ಹಿಮ್ಮುಖವಾಗಿ, ಚರ್ಮದ ವೋಲ್ಟೇಜಿನಿಂದ ಒಳಗಿನ ಸ್ಥಿತಿಯ ಕಡೆಗೆ, ಮಾಡುವಾಗ ಅಳತೆಯ ಸಣ್ಣ ತಪ್ಪು ಚಿತ್ರದಲ್ಲಿ ಬೃಹತ್ತಾಗಿ ಬೆಳೆಯುತ್ತದೆ. ಅದನ್ನು ಅಂಕೆಯಲ್ಲಿಡಲು ತಂತ್ರಾಂಶ ಚಿತ್ರವನ್ನು ಬೇಕೆಂದೇ ನಯಗೊಳಿಸುತ್ತದೆ. ಹೀಗಾಗಿ ಎದೆಯ ಅಗಲದ ಹತ್ತನೆಯ ಒಂದು ಭಾಗಕ್ಕಿಂತ ಸಣ್ಣ ಸಂಗತಿಗಳು ಇಐಟಿಗೆ ಸ್ಪಷ್ಟವಾಗಿ ಕಾಣವು. ಪರದೆಯ ಮೇಲಿನ ನೀಲಿ-ಬಿಳಿ ಬಣ್ಣಗಳ ಸೊಗಸು ನೋಡಿ ಮರುಳಾಗಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕೇ: ಪುಟ್ಟ ಗಡ್ಡೆಯನ್ನು ಇದರಲ್ಲಿ ಹುಡುಕುವುದು ವ್ಯರ್ಥ. ಆದರೆ ಈ ಕ್ಷಣದ ಅಳತೆಯಿಂದ ಹಿಂದಿನ ಕ್ಷಣದ ಅಳತೆಯನ್ನು ಕಳೆದರೆ, ಎಲೆಕ್ಟ್ರೋಡ್ ತುಸು ಆಚೀಚೆ ಕೂತದ್ದು, ಎದೆಯ ಆಕಾರ ಲೆಕ್ಕದ ಮಾದರಿಗೆ ಹೊಂದದಿರುವುದು ಮುಂತಾದ ಎರಡರಲ್ಲೂ ಇರುವ ದೋಷಗಳು ಬಹುಪಾಲು ಕಳೆದುಹೋಗಿ, ಬದಲಾದದ್ದು ಮಾತ್ರ ಉಳಿಯುತ್ತದೆ. ಏನಿದೆ ಎಂಬುದಕ್ಕಿಂತ ಏನು ಬದಲಾಯಿತು ಎಂದು ಕೇಳಿದಾಗ ಬೆಲ್ಟ್ ನಂಬುವಂಥ ಉತ್ತರ ಕೊಡುತ್ತದೆ.

ತೀವ್ರನಿಗಾ ಘಟಕದಲ್ಲಿ ಬೇಕಾಗಿರುವ ಪ್ರಶ್ನೆ ಅದೇ. ವೆಂಟಿಲೇಟರಿನಲ್ಲಿ ಅಂಗಾತ ಮಲಗಿದ ರೋಗಿಯ ಶ್ವಾಸಕೋಶದ ಬೆನ್ನಿನ ಕಡೆಯ ಭಾಗ ಭಾರಕ್ಕೆ ಕುಸಿದು ಮುಚ್ಚಿಕೊಳ್ಳುತ್ತದೆ. ಯಂತ್ರ ನೂಕುವ ಗಾಳಿಯ ಹೆಚ್ಚಿನ ಪಾಲು ಮುಂಭಾಗಕ್ಕೇ ನುಗ್ಗಿ ಅದನ್ನು ಅತಿಯಾಗಿ ಹಿಗ್ಗಿಸುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರು ಒಟ್ಟು ಫಲವನ್ನು ತಿಳಿಸೀತೇ ಹೊರತು ಗಾಳಿ ಎಲ್ಲಿಗೆ ಹೋಯಿತೆಂದು ತಿಳಿಸದು. ಇಐಟಿ ಪರದೆಯ ಮುಂದೆ ನಿಂತ ವೈದ್ಯರು ವೆಂಟಿಲೇಟರಿನ ಒತ್ತಡವನ್ನು ಹಂತಹಂತವಾಗಿ ಬದಲಿಸುತ್ತ, ಮುಚ್ಚಿದ್ದು ಯಾವಾಗ ತೆರೆಯಿತು, ತೆರೆದದ್ದು ಯಾವಾಗ ಅತಿಯಾಗಿ ಉಬ್ಬಿತು ಎಂಬುದನ್ನು ಹಾಸಿಗೆಯ ಪಕ್ಕದಲ್ಲೇ ಕಾಣಬಹುದು. ಜರ್ಮನಿಯ ಡ್ರೇಗರ್ ಸಂಸ್ಥೆಯ ಪಲ್ಮೋವಿಸ್ಟಾ 500, ಬ್ರೆಜಿಲಿನ ಟಿಂಪೆಲ್ ಸಂಸ್ಥೆಯ ಎನ್‌ಲೈಟ್ ಇಂಥ ಯಂತ್ರಗಳು. ಪದೇಪದೇ ಎಕ್ಸ್‌ರೇಗೆ ಒಡ್ಡಬಾರದ ಅವಧಿಪೂರ್ವ ಶಿಶುಗಳಲ್ಲೂ ಇದರ ಅಧ್ಯಯನ ನಡೆದಿದೆ.

ಕೈಗಡಿಯಾರದ ಇಸಿಜಿಯನ್ನೂ ಇದರೊಡನೆ ಸೇರಿಸಿ ಮಾತಾಡುವುದುಂಟು. ಅದು ಹೃದಯವೇ ಹುಟ್ಟಿಸುವ ವಿದ್ಯುತ್ತನ್ನು ದಾಖಲಿಸುತ್ತದೆ, ಚಿತ್ರ ಕಟ್ಟುವುದಿಲ್ಲ. 250ರಷ್ಟು ಎಲೆಕ್ಟ್ರೋಡ್‌ಗಳಿರುವ ಅಂಗಿ ತೊಡಿಸಿ, ಸಿಟಿ ಸ್ಕ್ಯಾನಿನ ನೆರವಿನಿಂದ ಹೃದಯದ ಮೇಲ್ಮೈಯ ವಿದ್ಯುತ್ ನಕ್ಷೆ ತೆಗೆಯುವ ವಿಧಾನ ಬೇರೆಯೇ ಇದೆ. ಅದಕ್ಕೆ ಇನ್ನೊಂದು ಉಪನ್ಯಾಸ ಬೇಕು.

ತೊಡುವ ಸಾಧನವೆಂದ ಮೇಲೆ ಚರ್ಮದ ಮಾತು ಬಾರದೆ ಇರದು. ಎಲೆಕ್ಟ್ರೋಡ್ ಮತ್ತು ಚರ್ಮದ ನಡುವೆ ಹಚ್ಚಿದ ಜೆಲ್ ಒಣಗಿದರೆ, ಬೆವರಿದರೆ, ಮಗ್ಗುಲು ಬದಲಿಸಿದರೆ ಅಳತೆ ಕೆಡುತ್ತದೆ. ಬೆಲ್ಟ್ ನಾಲ್ಕರಿಂದ ಆರನೆಯ ಪಕ್ಕೆಲುಬುಗಳ ಮಟ್ಟದಿಂದ ಕೆಳಕ್ಕೆ ಜಾರಿದರೆ ಶ್ವಾಸಕೋಶದ ಬದಲು ಎದೆ-ಹೊಟ್ಟೆಗಳ ನಡುವಿನ ಸ್ನಾಯುಪೊರೆಯಾದ ವಪೆಯ ಚಲನೆ ಚಿತ್ರದೊಳಗೆ ನುಸುಳುತ್ತದೆ. ಪೇಸ್‌ಮೇಕರ್ ಇರುವವರಿಗೆ ಇದನ್ನು ಕಟ್ಟುವಂತಿಲ್ಲ.

ಇನ್ನು ನಮ್ಮ ಕೊಡಗು ಜಿಲ್ಲೆಯ ಮಾತು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಕರಿಕೆಯಿಂದಲೋ ಕುಟ್ಟದಿಂದಲೋ ಹೊರಟವರಿಗೆ ಮಡಿಕೇರಿಯೇ ದೂರ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ರಸ್ತೆಗಳೇ ಇಲ್ಲವಾದದ್ದನ್ನು ಈ ಸಭೆಗೆ ನೆನಪಿಸಬೇಕಾಗಿಲ್ಲ. ರೋಗಿಯನ್ನು ಸಾಗಿಸಲಾಗದಾಗ ಅವರ ಅಳತೆಗಳನ್ನಾದರೂ ಸಾಗಿಸಬಹುದೆಂಬುದು ಇಲ್ಲಿ ದೊಡ್ಡ ಅನುಕೂಲ: ಸೆಕೆಂಡಿಗೆ 50 ಸುತ್ತು, ಸುತ್ತಿಗೆ 208 ಸಂಖ್ಯೆ ಎಂದರೂ ಹತ್ತು ಸಾವಿರದ ನಾನೂರು ಸಂಖ್ಯೆಗಳಾದವು, ಅಷ್ಟನ್ನು ಕಳಿಸಲು ವಿಡಿಯೋ ಕರೆಗೆ ಬೇಕಾಗುವಷ್ಟು ನೆಟ್‌ವರ್ಕ್ ಕೂಡ ಬೇಡ. ಆದರೆ ಆಂಬ್ಯುಲೆನ್ಸಿನಲ್ಲಿ ಬೆಲ್ಟ್ ಕಟ್ಟಿ ಸಂಪಾಜೆ ಘಾಟಿಯ ತಿರುವುಗಳಲ್ಲಿ ಚಿತ್ರ ಪಡೆಯುತ್ತೇವೆಂಬ ಮಾತನ್ನು ನಾನು ಸದ್ಯಕ್ಕೆ ಒಪ್ಪಲಾರೆ. ಮೈ ಕುಲುಕಿದ್ದು ಉಸಿರಾಟವನ್ನೇ ಮುಚ್ಚಿಹಾಕುತ್ತದೆ. ಮನೆಮನೆಗೆ ಹಂಚುವ ಯೋಚನೆಯೂ ಆತುರದ್ದು. 2016ರಲ್ಲಿ ವೈದ್ಯಕೀಯ ಕಾಲೇಜು ಬಂದಿರುವ ಜಿಲ್ಲೆಯಲ್ಲಿ ಇದರ ಮೊದಲ ಜಾಗ ತೀವ್ರನಿಗಾ ಘಟಕದ ಹಾಸಿಗೆ, ಎರಡನೆಯದು ನವಜಾತ ಶಿಶುಗಳ ಘಟಕ.

ಯಾವುದೇ ಆಸ್ಪತ್ರೆಯ ಖರೀದಿ ಸಮಿತಿ ಯಂತ್ರದ ಬೆಲೆಯನ್ನಷ್ಟೇ ಕೇಳಿ ಸುಮ್ಮನಾಗಬಾರದು. ಒಂದು ಬೆಲ್ಟ್ ಎಷ್ಟು ರೋಗಿಗಳಿಗೆ ಬರುತ್ತದೆ, ಶಿಶುವಿನಿಂದ ದಪ್ಪ ಮೈಕಟ್ಟಿನವರವರೆಗೆ ಯಾವ ಅಳತೆಯವು ಸಿಗುತ್ತವೆ, ಕಕ್ಕಡ ತಿಂಗಳ ಮುಂಗಾರು ಮಳೆಯಲ್ಲಿ ಕರೆಂಟು ಹೋದರೆ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ, ರಾತ್ರಿ ಪಾಳಿಯ ನರ್ಸ್‌ಗಳಿಗೆ ತರಬೇತಿ ಕೊಡುವವರು ಯಾರು, ಕಚ್ಚಾ ಅಳತೆಗಳನ್ನು ನಾವೇ ಹೊರತೆಗೆದು ಬೇರೆ ತಜ್ಞರಿಗೆ ತೋರಿಸಲು ಬಿಡುತ್ತಾರೆಯೇ ಎಂಬುದನ್ನೆಲ್ಲ ಬರಹದಲ್ಲಿ ಪಡೆಯಬೇಕು. ಕೊನೆಯ ಪ್ರಶ್ನೆಗೆ ‘ಇಲ್ಲ’ ಎನ್ನುವ ಮಾರಾಟಗಾರರಿಂದ ಕೊಳ್ಳದಿರುವುದೇ ಲೇಸೆಂದು ನನ್ನ ಅಭಿಪ್ರಾಯ.